ಡ್ರಾಯಿಂಗ್ ಮಾಸ್ತರರ ಸಂದೂಕದಿಂದ ಒಂದು ಪ್ರದರ್ಶನ ಕಟ್ಟುವ ಬಗೆ

ರಾಯಚೂರು ಜಿಲ್ಲೆಯ ಒಂದು ಊರಿನಲ್ಲಿ ೩೦ ವರ್ಷಕ್ಕೂ ಹೆಚ್ಚು ಕಾಲ ಡ್ರಾಯಿಂಗ್ ಮಾಸ್ತರರಾಗಿದ್ದು, ಬೇಸಿಗೆ ರಜೆಯಲ್ಲಿ ನಾಟಕದ ಪರದೆ ಬರೆಯುತ್ತಿದ್ದ ಹಿರಿಯ ಕಲಾವಿದರೊಬ್ಬರು ತೀರಿಕೊಂಡ ಮರುವರ್ಷ, ಅವರ ಮನೆಯವರು ನಮ್ಮ ಗೆಳೆಯರ ಗುಂಪನ್ನು ಕರೆಸಿ ಎರಡು ತಗಡಿನ ಸಂದೂಕಗಳನ್ನು ಮುಂದಿಟ್ಟರು. ಚೌಕಟ್ಟು ಹಾಕಿಸಿದ್ದ ೯ ಚಿತ್ರಗಳನ್ನು ಆರಿಸಿಕೊಂಡು ಉಳಿದದ್ದನ್ನು ರದ್ದಿಗೆ ಹಾಕಬಹುದೆಂಬುದು ಅವರ ಎಣಿಕೆಯಾಗಿತ್ತು. ಪ್ರದರ್ಶನ ಸಿದ್ಧವಾಗುವ ಹೊತ್ತಿಗೆ ಆ ೯ರಲ್ಲಿ ೩ ಚಿತ್ರಗಳು ಮಾತ್ರ ಗೋಡೆ ಏರಿದ್ದವು. ಕಾಡಿನ ಸೀನು, ದರ್ಬಾರ್ ಸೀನು, ಬೀದಿ ಸೀನುಗಳಿಗಾಗಿ ಮಾಸ್ತರರು ಚೌಕ ಹಾಕಿ ಬರೆದುಕೊಂಡಿದ್ದ ಅಂಗೈಯಗಲದ ನಕ್ಷೆಗಳು, ಪುಡಿ ಬಣ್ಣ, ಸರೇಸು (ಬಣ್ಣಕ್ಕೆ ಬೆರೆಸುವ ಅಂಟು), ಕೋರಾ ಬಟ್ಟೆಗಳ ಲೆಕ್ಕದ ಚೀಟಿಗಳು, ಕುಂಚ ಒರೆಸಿ ಒರೆಸಿ ತಾವೇ ಚಿತ್ರವಾಗಿದ್ದ ಪರೀಕ್ಷೆ ಪತ್ರಿಕೆಯ ಹಾಳೆಗಳು, ಇವುಗಳ ಮುಂದೆಯೇ ಜನ ಬಹಳ ಹೊತ್ತು ನಿಂತರು.

ಯಾವ ಕಾಗದದ ಜೊತೆಗೆ ಯಾವುದನ್ನು ಕಟ್ಟಿಟ್ಟರು ಎಂಬುದೂ ಕಲಾವಿದರ ಕೆಲಸದ ಭಾಗವೇ ಎಂದು ಆಗ ನನಗೆ ಮನವರಿಕೆಯಾಯಿತು. ಬಳ್ಳಾರಿ, ರಾಯಚೂರು, ಕೊಪ್ಪಳ ಸೀಮೆಯಲ್ಲಿ ಇಂತಹ ಸಂದೂಕಗಳು ಇನ್ನೂ ಎಷ್ಟೋ ಮನೆಗಳಲ್ಲಿವೆ. ಅಂತಹದೊಂದು ನಿಮ್ಮ ಕೈಗೆ ಬಂದರೆ ಏನು ಮಾಡಬೇಕೆಂಬುದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ.

ಕಟ್ಟು ಬಿಚ್ಚುವ ಮೊದಲು

ಮುಚ್ಚಳ ತೆರೆದ ಕೂಡಲೇ ಒಳಗೆ ಕೈ ಹಾಕಬೇಡಿ. ಮೊದಲು ಮೇಲಿನಿಂದ ನೇರವಾಗಿ ಒಂದು ಫೋಟೊ ತೆಗೆಯಿರಿ. ಮೇಲಿನ ಕಟ್ಟನ್ನು ಎತ್ತಿ ಪಕ್ಕಕ್ಕಿಟ್ಟು, ಅದರ ಕೆಳಗೆ ಕಂಡದ್ದನ್ನು ಮತ್ತೆ ಫೋಟೊ ತೆಗೆಯಿರಿ. ತಳ ಕಾಣುವವರೆಗೆ ಹೀಗೆಯೇ ಮುಂದುವರಿಯಿರಿ. ಪ್ರತಿ ಕಟ್ಟಿಗೂ ಒಂದು ಚೀಟಿ ಸಿಕ್ಕಿಸಿ ಸಂಖ್ಯೆ ಕೊಡಿ. ಒಂದನೆಯ ಸಂದೂಕದ ನಾಲ್ಕನೆಯ ಕಟ್ಟಿನ ಹದಿನೇಳನೆಯ ಹಾಳೆಗೆ ೧/೪/೧೭ ಎಂದು ಬರೆದರೆ ಸಾಕು, ಇದಕ್ಕಿಂತ ಜಾಣತನದ ಪದ್ಧತಿ ಬೇಕಿಲ್ಲ. ಹಾಳೆಯ ಮೇಲೆಯೇ ಸಂಖ್ಯೆ ಹಾಕಬೇಕಾದಾಗ ಹಿಂಬದಿಯ ಮೂಲೆಯಲ್ಲಿ, ಮೆತ್ತನೆಯ ಪೆನ್ಸಿಲಿನಿಂದ, ಒತ್ತದೆ ಬರೆಯಿರಿ. ಪೆನ್ನನ್ನು ಆ ಕೋಣೆಗೇ ತರಬಾರದು.

ಪತ್ರಗಳನ್ನೆಲ್ಲ ಒಂದು ಕಡೆ, ಫೋಟೊಗಳನ್ನೆಲ್ಲ ಇನ್ನೊಂದು ಕಡೆ, ರೇಖಾಚಿತ್ರಗಳನ್ನು ಮತ್ತೊಂದು ಕಡೆ ಜೋಡಿಸಿಬಿಡೋಣವೆಂಬ ಆಸೆ ಎಲ್ಲರಿಗೂ ಬರುತ್ತದೆ. ನಮ್ಮ ಗುಂಪಿನಲ್ಲಿಯೂ ಇಬ್ಬರು ಅದಕ್ಕೆ ಕೈ ಹಾಕಿದ್ದರು. ಅವರನ್ನು ತಡೆದದ್ದರಿಂದ ಉಳಿದ ಒಂದು ಕಟ್ಟಿನ ಬಗ್ಗೆ ಹೇಳಬೇಕು. ಅದರಲ್ಲಿ ಒಂದು ಕ್ಯಾಲೆಂಡರಿನಿಂದ ಹರಿದ ನವಿಲಿನ ಚಿತ್ರ, ನಾಟಕ ಕಂಪನಿಯ ಮಾಲೀಕರೊಬ್ಬರ ಪೋಸ್ಟ್‌ಕಾರ್ಡ್ ಮತ್ತು ಒಂದು ಚೌಕದ ನಕ್ಷೆ ಒಟ್ಟಿಗೆ ಇದ್ದವು. ಪೋಸ್ಟ್‌ಕಾರ್ಡಿನಲ್ಲಿ ಉದ್ಯಾನದ ಸೀನು ಬೇಕೆಂದೂ, ಹಳೆಯ ಪರದೆಯಲ್ಲಿದ್ದ ಹಂಸಗಳು ಬೇಡವೆಂದೂ ಬರೆದಿತ್ತು. ನಕ್ಷೆಯಲ್ಲಿ ಹಂಸದ ಜಾಗದಲ್ಲಿ ನವಿಲು ಬಂದಿತ್ತು, ಆದರೆ ಅದರ ಕತ್ತು ಮಾತ್ರ ಹಂಸದಂತೆಯೇ ಬಾಗಿತ್ತು. ಈ ಮೂರನ್ನೂ ಬೇರೆ ಬೇರೆ ಫೈಲಿಗೆ ಹಾಕಿದ್ದರೆ ಒಂದು ಚಿತ್ರ ಹುಟ್ಟಿದ ಬಗೆ ಯಾರಿಗೂ ತಿಳಿಯುತ್ತಿರಲಿಲ್ಲ. ಸಿಕ್ಕ ಅನುಕ್ರಮವನ್ನು ಹಾಗೆಯೇ ಕಾಯಬೇಕೆಂಬುದು ದಾಖಲೆಗಳನ್ನು ಕಾಪಾಡುವವರೆಲ್ಲರೂ ಒಪ್ಪುವ ಮೊದಲ ನಿಯಮ. ವಿಷಯವಾರು ವಿಂಗಡಣೆ ಬೇಕಿದ್ದರೆ ಅದನ್ನು ಪಟ್ಟಿಯಲ್ಲಿ ಮಾಡಿಕೊಳ್ಳಿ, ಕಾಗದಗಳ ಮೇಲೆ ಮಾಡಬೇಡಿ.

ದೂಳು, ಹುಳ, ಬಿಸಿಲು

ಮೇ ತಿಂಗಳಲ್ಲಿ ೪೦ ಡಿಗ್ರಿ ದಾಟುವ ನಮ್ಮ ಸೀಮೆಯಲ್ಲಿ ತಗಡಿನ ಸಂದೂಕ ಒಲೆಯಂತೆ ಕಾಯುತ್ತದೆ. ಒಣಗಿ ಹಪ್ಪಳವಾದ ಹಾಳೆಯನ್ನು ಒಂದು ಮೂಲೆಯಿಂದ ಎತ್ತಿದರೆ ಅದು ಮುರಿಯುತ್ತದೆ. ಕೆಳಗೆ ದಪ್ಪ ಕಾಗದ ತೂರಿಸಿ, ಅದರ ಸಮೇತ ಎತ್ತಬೇಕು. ಮಣ್ಣಿನ ಮಾಳಿಗೆ ಮನೆಗಳಲ್ಲಿ ಮೇಲಿನಿಂದ ಉದುರಿದ ಮಣ್ಣು ಹಾಳೆಗಳ ನಡುವೆ ಸೇರಿಕೊಂಡಿರುತ್ತದೆ. ಅದನ್ನು ಬಾಯಿಂದ ಊದದೆ, ಬಟ್ಟೆಯಿಂದ ಒರೆಸದೆ, ಅಗಲವಾದ ಮೆತ್ತನೆಯ ಕುಂಚದಿಂದ ನಡುವಿನಿಂದ ಅಂಚಿನ ಕಡೆಗೆ ಸವರಿ ತೆಗೆಯಬೇಕು. ಹುಳ ಸಾಯಲೆಂದು ಧಾನ್ಯ ಹರವಿದಂತೆ ಕಾಗದಗಳನ್ನು ಬಿಸಿಲಿಗೆ ಹರವುವ ರೂಢಿ ಹಲವು ಮನೆಗಳಲ್ಲಿದೆ. ದಯವಿಟ್ಟು ಅದನ್ನು ಮಾಡಬೇಡಿ, ಏಕೆಂದರೆ ಒಮ್ಮೆ ಹೋದ ಜಲವರ್ಣ ಮರಳಿ ಬರುವುದಿಲ್ಲ.

ಕಾಗದ ಮುಟ್ಟಲು ಕೈಗವಸು ಬೇಕಾಗಿಲ್ಲ; ತೊಳೆದು ಚೆನ್ನಾಗಿ ಒಣಗಿಸಿಕೊಂಡ ಕೈಯೇ ಮೇಲು, ಏಕೆಂದರೆ ಹಾಳೆ ಎಲ್ಲಿ ಹರಿಯಲಿದೆ ಎಂಬುದು ಬರಿಗೈಗೆ ಬೇಗ ಗೊತ್ತಾಗುತ್ತದೆ. ಫೋಟೊ ಮತ್ತು ನೆಗೆಟಿವ್‌ಗಳಿಗೆ ಮಾತ್ರ ರಬ್ಬರಿನಂತಹ ನೈಟ್ರೈಲ್ ಕೈಗವಸು ಹಾಕಿಕೊಳ್ಳಿ. ನೆಗೆಟಿವ್‌ಗಳ ಡಬ್ಬಿಯಿಂದ ಹುಳಿ ವಾಸನೆ ಬಂದರೆ ಆ ಫಿಲ್ಮು ಕೊಳೆಯತೊಡಗಿದೆ ಎಂದರ್ಥ. ಅದನ್ನು ಉಳಿದವುಗಳಿಂದ ಬೇರ್ಪಡಿಸಿ ಎಲ್ಲಕ್ಕಿಂತ ಮೊದಲು ಸ್ಕ್ಯಾನ್ ಮಾಡಿಸಿ. ತುಕ್ಕು ಹಿಡಿದ ಗುಂಡುಪಿನ್ನುಗಳನ್ನು ನಿಧಾನವಾಗಿ ಬಿಡಿಸಿ ತೆಗೆಯಿರಿ, ಆದರೆ ಯಾವ ಹಾಳೆಗಳು ಕೂಡಿದ್ದವೆಂದು ಬರೆದಿಟ್ಟುಕೊಳ್ಳಿ. ಪರದೆ ಬರೆಯುವವರ ಸಂದೂಕದಲ್ಲಿ ಬಣ್ಣದ ಪುಡಿಯ ಪೊಟ್ಟಣಗಳೂ ಸಿಗುತ್ತವೆ. ಹಳದಿ ಹರಿತಾಳದಲ್ಲಿ ಆರ್ಸೆನಿಕ್, ಕೆಂಪು ಇಂಗಳೀಕದಲ್ಲಿ ಪಾದರಸ, ಸಿಂಧೂರದಲ್ಲಿ ಸೀಸ ಇರುವುದರಿಂದ ಹೆಸರು ತಿಳಿಯದ ಪೊಟ್ಟಣವನ್ನು ಬಿಚ್ಚದೆ, ಮಕ್ಕಳ ಕೈಗೆ ಸಿಗದಂತೆ ಮುಚ್ಚಿದ ಡಬ್ಬಿಯಲ್ಲಿಡಿ.

ಸೆಲ್ಲೋಟೇಪ್ ಮತ್ತು ಲ್ಯಾಮಿನೇಷನ್ ಎರಡೂ ಕಾಗದದ ಶತ್ರುಗಳು. ನಾವು ತಲುಪುವ ಮೊದಲೇ ಮನೆಯ ಹುಡುಗರು, ಕೆಡಬಾರದೆಂಬ ಕಾಳಜಿಯಿಂದಲೇ, ೬ ಪತ್ರಗಳನ್ನು ಅಂಗಡಿಯೊಂದರಲ್ಲಿ ಲ್ಯಾಮಿನೇಟ್ ಮಾಡಿಸಿದ್ದರು. ಬಿಸಿಗೆ ಒಂದರ ಶಾಯಿ ಕದಡಿ ಓದಲಾಗದಂತಾಗಿತ್ತು, ಉಳಿದವುಗಳನ್ನು ಪ್ಲಾಸ್ಟಿಕ್ಕಿನಿಂದ ಬಿಡಿಸುವುದು ಸಾಧ್ಯವಾಗಲಿಲ್ಲ. ಹರಿದ ಹಾಳೆಯನ್ನು ಹರಿದಂತೆಯೇ ಬಿಳಿ ಕಾಗದದ ಮಡಿಕೆಯೊಳಗಿಟ್ಟು ಬಿಡುವುದು ಉತ್ತಮ. ಸೇರಿಸಲೇಬೇಕಾದರೆ ತೆಳು ಜಪಾನಿ ಕಾಗದ ಮತ್ತು ಗೋಧಿ ಪಿಷ್ಟದ ಅಂಟು ಬಳಸಲು ಬಲ್ಲವರ ಕೈಗೇ ಕೊಡಿ. ಸಂದೂಕವನ್ನು ಮತ್ತೆ ಇಡುವಾಗ ಗೋಡೆಗೆ ತಾಗಿಸದೆ, ನೆಲದಿಂದ ಎತ್ತರದಲ್ಲಿ, ವಾರಕ್ಕೊಮ್ಮೆಯಾದರೂ ಗೆದ್ದಲು ನೋಡಲು ಸಿಗುವಂತೆ ಇಡಬೇಕು.

ತಾರೀಖು ಇಲ್ಲದ ಕಾಗದದ ವಯಸ್ಸು

ಈ ಕೆಲಸಕ್ಕೆ ಹೆಚ್ಚು ದಿನ ಬೇಕು, ಹೆಚ್ಚು ಸಂತೋಷವೂ ಇದರಲ್ಲಿಯೇ ಇದೆ. ಕಲಾವಿದರು ಚಿತ್ರಕ್ಕೆ ಸಹಿ ಹಾಕಿದರೂ ನಕ್ಷೆಗೆ ತಾರೀಖು ಹಾಕುವುದು ಅಪರೂಪ. ಆದರೆ ನಮ್ಮ ಮೂರು ಜಿಲ್ಲೆಗಳ ಚರಿತ್ರೆ ಎಷ್ಟು ಸಲ ಮಗ್ಗುಲು ಬದಲಿಸಿದೆಯೆಂದರೆ, ಒಂದು ಸಾಮಾನ್ಯ ರಸೀದಿಯೂ ತನ್ನ ವಯಸ್ಸನ್ನು ತಾನೇ ಹೇಳುತ್ತದೆ.

ರಾಯಚೂರು ಮತ್ತು ಕೊಪ್ಪಳ ಹೈದರಾಬಾದ್ ಸಂಸ್ಥಾನದಲ್ಲಿದ್ದುದರಿಂದ ೧೯೪೮ಕ್ಕೆ ಮೊದಲಿನ ಶಾಲಾ ಪ್ರಮಾಣಪತ್ರ, ಕಂದಾಯದ ರಸೀದಿಗಳು ಉರ್ದುವಿನಲ್ಲಿರುವುದು ಸಾಮಾನ್ಯ. ಅವುಗಳಲ್ಲಿ ಫಸಲಿ ಎಂಬ ವರ್ಷಗಣನೆ ಇರುತ್ತದೆ. ಫಸಲಿ ವರ್ಷಕ್ಕೆ ೫೯೦ ಕೂಡಿಸಿದರೆ ಹೆಚ್ಚುಕಡಿಮೆ ಕ್ರಿಸ್ತಶಕದ ವರ್ಷ ಸಿಗುತ್ತದೆ. ೧೩೫೭ ಎಂದಿದ್ದರೆ ಅದು ೧೯೪೭–೪೮. ಬಳ್ಳಾರಿಯ ಮನೆಗಳ ಕಾಗದಗಳು ಬೇರೆಯೇ ಬಗೆಯವು: ೧೯೫೩ರ ಅಕ್ಟೋಬರ್ ೧ರಂದು ಮೈಸೂರಿಗೆ ಸೇರುವವರೆಗೆ ಬಳ್ಳಾರಿ ಮದ್ರಾಸ್ ಆಡಳಿತದಲ್ಲಿತ್ತು, ಆದ್ದರಿಂದ ಅಲ್ಲಿ ಇಂಗ್ಲಿಷು ಮತ್ತು ತೆಲುಗು ಹೆಚ್ಚು ಕಾಣುತ್ತವೆ. ಬಣ್ಣದಂಗಡಿಯ ಬಿಲ್ಲು ಆಣೆಗಳಲ್ಲಿದ್ದರೆ ಅದು ಬಹುಮಟ್ಟಿಗೆ ೧೯೫೭ರ ಏಪ್ರಿಲ್ ೧ಕ್ಕಿಂತ ಹಿಂದಿನದು, ಏಕೆಂದರೆ ಅಂದಿನಿಂದ ದಶಮಾಂಶದ ನಾಣ್ಯ ಬಂತು. ನಯಾ ಪೈಸೆ ಎಂದಿದ್ದರೆ ಅದರ ನಂತರದ ಕೆಲವು ವರ್ಷಗಳದ್ದು. ವಿಳಾಸದಲ್ಲಿ ಪಿನ್‌ಕೋಡ್ ಇದ್ದರೆ ೧೯೭೨ರ ಆಗಸ್ಟ್ ೧೫ರ ಈಚಿನದು. ಮೈಸೂರು ರಾಜ್ಯ ಎಂಬುದು ಕರ್ನಾಟಕವಾದದ್ದು ೧೯೭೩ರ ನವೆಂಬರ್ ೧ರಂದು, ಕೊಪ್ಪಳ ಪ್ರತ್ಯೇಕ ಜಿಲ್ಲೆಯಾದದ್ದು ೧೯೯೭ರಲ್ಲಿ. ಇವುಗಳಲ್ಲಿ ಯಾವುದಾದರೊಂದು ಕುರುಹು ಕಟ್ಟಿನ ಒಂದು ಕಾಗದದ ಮೇಲೆ ಸಿಕ್ಕರೆ, ಅದರೊಂದಿಗಿದ್ದ ನಕ್ಷೆಯ ಕಾಲವನ್ನೂ ಊಹಿಸಬಹುದು; ಕಟ್ಟು ಬಿಚ್ಚಿ ಕಲಸಬಾರದೆಂದು ನಾನು ಅಷ್ಟು ಒತ್ತಿ ಹೇಳಿದ್ದಕ್ಕೆ ಇದೂ ಒಂದು ಕಾರಣ.

ಹಳೆಯ ನಾಟಕದ ಕರಪತ್ರಗಳಲ್ಲಿ ಸಂವತ್ಸರದ ಹೆಸರು ಇರಬಹುದು. ಆ ಹೆಸರುಗಳು ೬೦ ವರ್ಷಕ್ಕೊಮ್ಮೆ ಮರಳುತ್ತವೆ: ಸರ್ವಜಿತು ೧೯೪೭–೪೮ರಲ್ಲಿಯೂ ಬಂದಿತ್ತು, ೨೦೦೭–೦೮ರಲ್ಲಿಯೂ ಬಂದಿತ್ತು. ಕಾಗದ ಮತ್ತು ಅಚ್ಚು ನೋಡಿದರೆ ಯಾವುದೆಂದು ತಿಳಿಯುವುದು ಕಷ್ಟವಲ್ಲ. ಊಹಿಸಿದ ವರ್ಷವನ್ನು ಪಟ್ಟಿಯಲ್ಲಿ ‘ಸುಮಾರು’ ಎಂದೇ ಬರೆಯಿರಿ, ಯಾವ ಕುರುಹಿನಿಂದ ಊಹಿಸಿದಿರೆಂಬುದನ್ನೂ ಪಕ್ಕದಲ್ಲಿ ಬರೆಯಿರಿ. ಉರ್ದು ಓದಬಲ್ಲ ಹಿರಿಯರನ್ನು ಈಗಲೇ ಹುಡುಕಿಕೊಳ್ಳಿ. ನಮಗೆ ನೆರವಾದವರು ನಿವೃತ್ತ ಶಿಕ್ಷಕರು, ಮೂರು ಸಂಜೆಗಳಲ್ಲಿ ೪೦ ಕಾಗದಗಳನ್ನು ಓದಿ ಹೇಳಿದರು.

ಮನೆಯವರ ಮಾತು, ಮನೆಯವರ ಹಕ್ಕು

ಪಟ್ಟಿ ಮಾಡುವಾಗಲೇ ಮನೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರ ಅನುಮತಿ ಪಡೆದು ಮಾತನ್ನು ಧ್ವನಿಮುದ್ರಿಸಬೇಕು. ಸಂದರ್ಶನವೆಂದು ಕುರ್ಚಿ ಹಾಕಿ ಕೇಳಿದರೆ ‘ಬಹಳ ದೊಡ್ಡವರಿದ್ರು’ ಎಂಬ ಮಾತಿನಾಚೆ ಏನೂ ಬರುವುದಿಲ್ಲ. ಒಂದು ಕಾಗದ ಕೈಗೆ ಕೊಟ್ಟು ಸುಮ್ಮನೆ ಕುಳಿತರೆ ಬರುತ್ತದೆ. ಕಾಡಿನ ಸೀನಿನ ನಕ್ಷೆ ಕೈಗೆ ಕೊಟ್ಟಾಗ ಮಾಸ್ತರರ ಮಡದಿ, ‘ಸರೇಸು ಕಾಯಿಸಿದ್ರ ಮನಿ ತುಂಬ ವಾಸನಿ, ತಮ್ಮಾ. ಪರದೆ ಮುಗಿಯೋ ತನಕ ನಾವು ಅಂಗಳದಾಗ ಉಣ್ಣತಿದ್ವಿ’ ಎಂದರು. ಆ ಎರಡು ವಾಕ್ಯಗಳನ್ನು ಅವರ ಮಾತಿನಲ್ಲಿಯೇ ನಕ್ಷೆಯ ಪಕ್ಕದ ಚೀಟಿಯಾಗಿ ಹಾಕಿದೆವು, ಬೇರೆ ವಿವರಣೆ ಸೇರಿಸಲಿಲ್ಲ.

ಅದೇ ಸಂದೂಕದಲ್ಲಿ ಒಂದು ಗಿರವಿ ಚೀಟಿಯೂ ಇತ್ತು. ಬಳೆ ಒತ್ತೆಯಿಟ್ಟು ಬಣ್ಣ ತಂದದ್ದು ಪ್ರದರ್ಶನಕ್ಕೆ ಎಷ್ಟು ಬೆಲೆಯುಳ್ಳ ಸಂಗತಿಯೆಂದು ನಮಗೆ ತೋರಿತು. ಮಾಸ್ತರರ ಮಡದಿ ಬೇಡವೆಂದರು. ನಾವು ಮರುಮಾತಾಡದೆ ಅದನ್ನು ಅದರ ಕಟ್ಟಿನಲ್ಲಿಯೇ ಇಟ್ಟೆವು. ಪಟ್ಟಿಯಲ್ಲಿ ಅದರ ಸಂಖ್ಯೆಯಿದೆ, ಗೋಡೆಯ ಮೇಲೆ ಅದು ಬರಲಿಲ್ಲ. ಅವರ ಒಪ್ಪಿಗೆ ಪಡೆದು ಇಲ್ಲಿ ಇಷ್ಟನ್ನು ಬರೆದಿದ್ದೇನೆ. ಬದುಕಿರುವವರಿಗೆ ನೋವಾಗುವ ಕಾಗದವನ್ನು ತೋರಿಸಲು ಕಲೆಯ ಹೆಸರಿನಲ್ಲಿ ಒತ್ತಾಯ ಮಾಡಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ: ಏನೇನು ಒಯ್ಯುತ್ತೀರಿ, ಎಷ್ಟು ದಿನಕ್ಕೆ, ಯಾವುದನ್ನು ಅಚ್ಚು ಹಾಕಬಹುದು, ಯಾವುದನ್ನು ಅಂತರ್ಜಾಲಕ್ಕೆ ಹಾಕಬಾರದು. ಕಾನೂನಿನ ಮೂರು ಮಾತುಗಳನ್ನು ನೆನಪಿಡಬೇಕು. ೧೯೫೭ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಚಿತ್ರಗಳ ಹಕ್ಕು ಕಲಾವಿದರ ಜೀವಿತಾವಧಿ ಮತ್ತು ಅವರು ತೀರಿಕೊಂಡ ನಂತರದ ೬೦ ವರ್ಷಗಳವರೆಗೆ ಇರುತ್ತದೆ. ಪತ್ರ ಯಾರ ಮನೆಯಲ್ಲಿದ್ದರೂ ಅದರ ಬರಹದ ಹಕ್ಕು ಬರೆದವರದ್ದು ಅಥವಾ ಅವರ ವಾರಸುದಾರರದ್ದು. ಆದ್ದರಿಂದ ಮಾಸ್ತರರಿಗೆ ಬಂದ ಪತ್ರವನ್ನು ಪುಸ್ತಿಕೆಯಲ್ಲಿ ಮುದ್ರಿಸಲು ಮಾಸ್ತರರ ಮಕ್ಕಳ ಒಪ್ಪಿಗೆಯಷ್ಟೇ ಸಾಲದು. ಇನ್ನು, ಹಣ ಕೊಟ್ಟು ಬರೆಸಿದ ಚಿತ್ರ, ತೆಗೆಸಿದ ಫೋಟೊಗಳಿಗೆ, ಬೇರೆ ಒಪ್ಪಂದವಿಲ್ಲದಿದ್ದರೆ, ಬರೆಸಿದವರೇ ಮೊದಲ ಹಕ್ಕುದಾರರಾಗುತ್ತಾರೆ. ನಾಟಕದ ಪರದೆಗಳ ವಿಷಯದಲ್ಲಿ ಇದನ್ನು ಮರೆಯಬಾರದು.

ಎಳೆ ಹಿಡಿಯುವುದು

ನಮ್ಮ ಕಡೆ ಹಿರಿಯ ಕಲಾವಿದರ ಪ್ರದರ್ಶನವೆಂದರೆ ಬಾಗಿಲಲ್ಲೇ ಹಾರ ಹಾಕಿದ ಫೋಟೊ, ದೀಪ, ವೇದಿಕೆ, ಸನ್ಮಾನ. ಗೌರವದಿಂದಲೇ ಮಾಡುವ ಈ ಏರ್ಪಾಟು ಕಾಗದಗಳನ್ನು ಪೂಜೆಯ ಸಾಮಾನಾಗಿಸಿಬಿಡುತ್ತದೆ, ಆಮೇಲೆ ಯಾರೂ ಅವುಗಳನ್ನು ಓದುವುದಿಲ್ಲ. ಉದ್ಘಾಟನೆಯನ್ನು ಹೊರಗಿನ ಅಂಗಳದಲ್ಲಿ ಮುಗಿಸಿ, ಒಳಗಿನ ಕೋಣೆಯನ್ನು ಕೆಲಸಕ್ಕೇ ಬಿಟ್ಟುಕೊಡಿ.

ಇಡೀ ಬದುಕನ್ನು ಹೇಳಹೊರಟರೆ ಏನೂ ಕಾಣುವುದಿಲ್ಲ. ನಾವು ಒಂದೇ ಪ್ರಶ್ನೆ ಹಿಡಿದೆವು: ಅಂಗೈಯಗಲದ ನಕ್ಷೆ ೨೦ ಅಡಿಯ ಪರದೆಯಾಗುವುದು ಹೇಗೆ? ಇದಕ್ಕೆ ಉತ್ತರಿಸದ ಕಾಗದ ಎಷ್ಟೇ ಚೆಂದವಿದ್ದರೂ ಪೆಟ್ಟಿಗೆಯಲ್ಲಿಯೇ ಉಳಿಯಿತು. ೬೦೦ ಹಾಳೆಗಳಲ್ಲಿ ೭೦ನ್ನು ಮಾತ್ರ ತೋರಿಸಿದೆವು.

ಖಾಸಗಿ ಸಂಗ್ರಹವನ್ನೇ ಕಲೆಯಾಗಿ ಕಾಣುವುದು ಸಮಕಾಲೀನ ಕಲೆಯಲ್ಲಿ ಗಟ್ಟಿಯಾಗಿ ನೆಲೆಯೂರಿದ ದಾರಿ. ಅಮೆರಿಕದ ಆಂಡಿ ವಾರ್ಹಾಲ್ ೧೯೭೪ರಿಂದ ತಮ್ಮ ಮೇಜಿಗೆ ಬಂದ ಪತ್ರ, ಬಿಲ್ಲು, ಪತ್ರಿಕೆಗಳನ್ನೆಲ್ಲ ರಟ್ಟಿನ ಡಬ್ಬಿಗಳಿಗೆ ತುಂಬುತ್ತ ಹೋದರು. ಅಂತಹ ೬೧೦ ಸಂಗ್ರಹಗಳು ಪಿಟ್ಸ್‌ಬರ್ಗಿನ ಅವರ ಸಂಗ್ರಹಾಲಯದಲ್ಲಿವೆ. ಜರ್ಮನಿಯ ಗೆರ್ಹಾರ್ಡ್ ರಿಕ್ಟರ್ ತಾವು ಕೂಡಿಟ್ಟ ಫೋಟೊ, ಪತ್ರಿಕೆಯ ತುಣುಕು, ನಕ್ಷೆಗಳನ್ನು ಸಾಲಾಗಿ ಜೋಡಿಸಿ ಅಟ್ಲಾಸ್ ಎಂಬ ಕೃತಿಯನ್ನೇ ಮಾಡಿದರು. ನಮ್ಮ ದೇಶದ ವಿವಾನ್ ಸುಂದರಂ (೧೯೪೩–೨೦೨೩) ತಮ್ಮ ತಾತ ಉಮ್ರಾವ್ ಸಿಂಗ್ ಶೇರ್‌ಗಿಲ್ ತೆಗೆದ ಕುಟುಂಬದ ಫೋಟೊಗಳನ್ನು ಕಂಪ್ಯೂಟರಿನಲ್ಲಿ ಬೆಸೆದು, ದೊಡ್ಡಮ್ಮ, ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್ ಸುತ್ತ ಹೊಸ ಚಿತ್ರಗಳನ್ನು ಕಟ್ಟಿದರು. ನಮ್ಮ ಮೈಸೂರಿನ ಚಿತ್ರಕಲಾವಿದ ಕೆ. ವೆಂಕಟಪ್ಪನವರು (೧೮೮೬–೧೯೬೫) ಬರೆದಿಟ್ಟ ದಿನಚರಿಗಳು ಅವರ ಚಿತ್ರಗಳಷ್ಟೇ ಶ್ರದ್ಧೆಯಿಂದ ಓದಬೇಕಾದವು.

ಇವರಿಂದ ನಾವು ಕಲಿತ ಒಂದು ಕ್ರಮವೆಂದರೆ, ಹಳೆಯ ಸಂಗ್ರಹಕ್ಕೆ ಇಂದಿನ ಕಲಾವಿದರೊಬ್ಬರು ಉತ್ತರ ಕೊಡುವಂತೆ ಕೇಳುವುದು. ಚಿತ್ರಕಲಾ ಶಾಲೆಯ ವಿದ್ಯಾರ್ಥಿನಿಯೊಬ್ಬರು, ಮಾಸ್ತರರು ಅರ್ಧಕ್ಕೆ ಬಿಟ್ಟಿದ್ದ ಬೀದಿ ಸೀನಿನ ನಕ್ಷೆಯನ್ನು ಅದೇ ಚೌಕಗಳ ಲೆಕ್ಕದಲ್ಲಿ ಗೋಡೆಗೆ ಇದ್ದಿಲಿನಲ್ಲಿ ಹಿಗ್ಗಿಸಿ ಬರೆದು, ಮೂಲದಲ್ಲಿ ಗೆರೆ ನಿಂತಲ್ಲಿಯೇ ತಾವೂ ನಿಲ್ಲಿಸಿದರು. ಉಳಿದ ಚೌಕಗಳು ಖಾಲಿಯಾಗಿಯೇ ಇದ್ದವು. ಕೊಪ್ಪಳದ ಕಡೆಯವರಿಗೆ ಇನ್ನೊಂದು ಮಾತು: ಬಣ್ಣದ ಮರದ ಗೊಂಬೆಗಳಿಗೆ ಹೆಸರಾದ ಕಿನ್ನಾಳದ ಚಿತ್ರಗಾರರ ಮನೆಗಳಲ್ಲಿ ಸಿಗುವ ಸಂಗ್ರಹ ಒಬ್ಬರದಾಗಿರುವುದಿಲ್ಲ, ತಲೆಮಾರುಗಳದಾಗಿರುತ್ತದೆ. ಅಲ್ಲಿ ಒಬ್ಬರ ಹೆಸರನ್ನು ಮುಂದೆ ಮಾಡುವ ಮೊದಲು ಇಡೀ ಮನೆತನವನ್ನು ಕೇಳಬೇಕು.

ಕೋಣೆ, ಬೆಳಕು, ಚೀಟಿ

ನವೆಂಬರಿನಿಂದ ಫೆಬ್ರವರಿವರೆಗಿನ ತಿಂಗಳುಗಳನ್ನೇ ಆರಿಸಿಕೊಳ್ಳಿ. ಕೊಪ್ಪಳದಲ್ಲಿ ಜನವರಿಯ ಗವಿಮಠದ ಜಾತ್ರೆಯ ಹೊತ್ತಿಗೆ ಇಟ್ಟುಕೊಂಡರೆ ಹಳ್ಳಿಗಳ ಜನವೂ ಬರುತ್ತಾರೆ, ಆದರೆ ಆ ದಟ್ಟಣೆಗೆ ಮೂಲ ಕಾಗದಗಳನ್ನು ಒಡ್ಡದೆ ಪ್ರತಿಗಳನ್ನಷ್ಟೇ ತೋರಿಸಿ. ಬಳ್ಳಾರಿಯ ರಾಘವ ಕಲಾಮಂದಿರದಂತಹ ನಾಟಕದ ಕಟ್ಟಡವಾಗಲಿ, ಶಾಲೆಯ ಕೊಠಡಿಯಾಗಲಿ, ನೋಡಬೇಕಾದದ್ದು ಪಶ್ಚಿಮದ ಕಿಟಕಿ ಮತ್ತು ಚಾವಣಿಯ ಸೋರಿಕೆ. ಕಾಗದ, ಜಲವರ್ಣ, ಫೋಟೊಗಳ ಮೇಲೆ ಬೀಳುವ ಬೆಳಕು ೫೦ ಲಕ್ಸ್ (ಬೆಳಕಿನ ಅಳತೆ) ಮೀರಬಾರದು. ಇದು ಮಬ್ಬೆನಿಸುವಷ್ಟು ಕಡಿಮೆ, ಆದರೆ ಕಣ್ಣು ಎರಡು ನಿಮಿಷದಲ್ಲಿ ಹೊಂದಿಕೊಳ್ಳುತ್ತದೆ. ಕಿಟಕಿಗಳಿಗೆ ದಪ್ಪ ಬಟ್ಟೆ ಕಟ್ಟಿ, ಎಲ್‌ಇಡಿ ದೀಪಗಳನ್ನು ಗೋಡೆಯ ಕಡೆ ತಿರುಗಿಸಿ. ನೀರಿನ ಕೂಲರ್ ಇಡುವುದಾದರೆ ಅದರ ತೇವದ ಗಾಳಿ ಕಾಗದದ ಕಡೆ ಬೀಸದಿರಲಿ. ಒಣಗಿದ ಹಾಳೆ ಒಮ್ಮೆಲೇ ತೇವ ಕುಡಿದು ಸುಕ್ಕಾಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬಿಡಿಸಿಟ್ಟ ನೋಟ್‌ಪುಸ್ತಕದ ಪುಟವನ್ನು ವಾರಕ್ಕೊಮ್ಮೆ ತಿರುವಬೇಕು.

ಗೋಡೆಗೆ ತೂಗುವ ಚಿತ್ರದ ನಡುಭಾಗ ನೆಲದಿಂದ ೧೪೫ರಿಂದ ೧೫೦ ಸೆಂಟಿಮೀಟರ್ ಎತ್ತರದಲ್ಲಿರಲಿ. ಸಣ್ಣ ನಕ್ಷೆಗಳನ್ನು ಗೋಡೆಗೆ ಹಾಕಬೇಡಿ. ಮಕ್ಕಳಿಗೂ ಕಾಣುವಂತೆ ೭೫ ಸೆಂಟಿಮೀಟರಿನ ಮೇಜುಗಳ ಮೇಲೆ, ಗಾಜಿನಡಿ, ಹಾಳೆಗೂ ಗಾಜಿಗೂ ನಡುವೆ ಅಂತರವಿಟ್ಟು ಹರವಿ. ಒಂದು ಕಟ್ಟಿನ ಕಾಗದಗಳು ಒಂದೇ ಮೇಜಿನಲ್ಲಿರಲಿ. ಮೂಲದ ಬದಲು ಪ್ರತಿಯನ್ನು ಇಟ್ಟಲ್ಲಿ ‘ಪ್ರತಿ’ ಎಂದು ಸ್ಪಷ್ಟವಾಗಿ ಬರೆಯಿರಿ. ಕನ್ನಡದ ಚೀಟಿಗೆ ೨೦ರಿಂದ ೨೪ ಪಾಯಿಂಟಿನ ಅಕ್ಷರ ಬೇಕು, ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗದಂತೆ ಸಾಲುಗಳ ನಡುವೆ ಧಾರಾಳವಾಗಿ ಜಾಗ ಬಿಡಬೇಕು. ಒಂದು ಚೀಟಿಗೆ ೫೦ ಪದ ಮೀರದಿದ್ದರೆ ಜನ ಪೂರ್ತಿ ಓದುತ್ತಾರೆ.

ಇಳಿಸಿದ ಮೇಲೆ

ಇಳಿಸುವ ದಿನ ಆತುರವಿರುತ್ತದೆ, ಕಾಗದ ಕಳೆಯುವುದೂ ಅಂದೇ. ಪಟ್ಟಿ ಹಿಡಿದ ಒಬ್ಬರು ಬಾಗಿಲಲ್ಲಿ ಕುಳಿತು ಸಂಖ್ಯೆ ಕೂಗಿ ಗುರುತು ಹಾಕುವವರೆಗೆ ಯಾವ ಹಾಳೆಯೂ ಹೊರಗೆ ಹೋಗಬಾರದು. ಸ್ಕ್ಯಾನುಗಳನ್ನು ೬೦೦ ಡಿಪಿಐನಲ್ಲಿ (ಅಂಗುಲಕ್ಕೆ ೬೦೦ ಚುಕ್ಕೆ) ಮಾಡಿಸಿ ಮೂರು ಪ್ರತಿ ಇಡಿ: ಒಂದು ಮನೆಯವರಲ್ಲಿ, ಒಂದು ನಿಮ್ಮಲ್ಲಿ, ಒಂದು ಬೇರೆ ಊರಿನಲ್ಲಿ. ಕಾಗದಗಳು ಮೊದಲ ದಿನದ ಫೋಟೊಗಳಲ್ಲಿ ಕಂಡ ಅನುಕ್ರಮದಲ್ಲಿಯೇ ಸಂದೂಕಕ್ಕೆ ಮರಳಲಿ. ಹಳೆಯ ಲಾಡಿಗಳು ಜೀರ್ಣವಾಗಿದ್ದರೆ ಬಿಳಿ ಹತ್ತಿಯ ಪಟ್ಟಿಯಿಂದ ಸಡಿಲವಾಗಿ ಕಟ್ಟಿ, ಹಳೆಯ ಲಾಡಿಯನ್ನೂ ಒಂದು ಲಕೋಟೆಯಲ್ಲಿ ಹಾಕಿ ಅದೇ ಕಟ್ಟಿನೊಳಗಿಡಿ. ಪಟ್ಟಿಯ ಒಂದು ಪ್ರತಿ ಮುಚ್ಚಳದ ಒಳಭಾಗದಲ್ಲಿರಲಿ, ಮುಂದೆ ಅದನ್ನು ತೆರೆಯುವವರಿಗೆ ಮೊದಲು ಅದೇ ಕಾಣಲಿ.